ಶಾಮಣ್ಣನ ಮುಖದರ್ಶನ

ರಾಯರು: ಅಯ್ಯಾ ಶ್ರೀಧರ, ಬ್ರೌಸರಿನಲ್ಲಿ ಆಡಲೆಂದು ನೀನು ರಚಿಸಿರುವ ಚೌಕಾಬಾರದಲ್ಲಿ 25 ಮನೆಗಳೂ ನೆಟ್ಟಗಿವೆ, ಕವಡೆಗಳು ನಾಲ್ಕೂ ನಿಷ್ಪಕ್ಷಪಾತವಾಗಿ ಬೀಳುತ್ತವೆ, ಆದರೆ ಶಿವಮೊಗ್ಗದಲ್ಲಿ ಕುಳಿತು ಆಡುವ ನಿನ್ನಜ್ಜಿಯ ತಮ್ಮ ಶಾಮಣ್ಣನ ಕಾಯಿಯನ್ನು, ಅದು ಹಣ್ಣಾಗುವ ಹೊಸ್ತಿಲಲ್ಲಿರುವಾಗ ನಾನು ಹೊಡೆದರೆ, ಆ ಕ್ಷಣದಲ್ಲಿ ಆತನ ಮುಖಾರವಿಂದವು ಹೇಗೆ ಬಾಡಿತೆಂಬುದನ್ನು ಕಾಣುವ ಭಾಗ್ಯವಿಲ್ಲದ ಮೇಲೆ, ಹೊಡೆದೂ ಫಲವೇನು?

ಶ್ರೀಧರ: ಅದಕ್ಕೆ ಉಪಾಯವಿದೆ, ತಾತ. ವೆಬ್‌ಆರ್‌ಟಿಸಿ ಎಂಬ ವ್ಯವಸ್ಥೆ ಬ್ರೌಸರಿನೊಳಗೇ ಇದೆ. 2011ರಲ್ಲಿ ಗೂಗಲ್ ಅದನ್ನು ಸರ್ವರಿಗೂ ಮುಕ್ತಗೊಳಿಸಿತು, 2021ರಲ್ಲಿ ಅದು ಅಧಿಕೃತ ಮಾನಕವೂ ಆಯಿತು. ಆಡುವವರು ಕ್ಯಾಮರಾ, ಮೈಕುಗಳಿಗೆ ಅನುಮತಿ ಕೊಟ್ಟರೆ ಸಾಕು, ಚಿತ್ರವೂ ಧ್ವನಿಯೂ ಎರಡು ಯಂತ್ರಗಳ ನಡುವೆ ನೇರವಾಗಿ ಹರಿಯುತ್ತವೆ.

ರಾಯರು: ನೇರವಾಗಿ ಎಂದೆಯಲ್ಲ, ಶಾಮಣ್ಣನ ಯಂತ್ರದ ವಿಳಾಸವನ್ನು ನನ್ನ ಯಂತ್ರಕ್ಕೆ ತಿಳಿಸುವವರಾರು?

ಶ್ರೀಧರ: ಅಲ್ಲಿಯೇ ತೊಡಕು. ಮೊದಲ ಪರಿಚಯ ಹೇಗಾಗಬೇಕೆಂಬುದನ್ನು ಆ ಮಾನಕ ಹೇಳುವುದೇ ಇಲ್ಲ. ನಮ್ಮ ಆಟದ ಸರ್ವರೇ ಆ ಕಡೆಯ ವಿವರವನ್ನು ಈ ಕಡೆಗೆ ಒಯ್ಯಬೇಕು. ಸಾಲದುದಕ್ಕೆ, ಮನೆಯ ರೌಟರ್ ಒಳಗಿನ ಯಂತ್ರಗಳನ್ನೆಲ್ಲ ಒಂದೇ ವಿಳಾಸದ ಹಿಂದೆ ಮರೆಮಾಡುವುದರಿಂದ, ಹೊರಗಿನವರಿಗೆ ನಾವು ಹೇಗೆ ಕಾಣುತ್ತೇವೆಂದು ಸ್ಟನ್ ಎಂಬ ಸರ್ವರನ್ನು ಕೇಳಿ ತಿಳಿಯಬೇಕು. ಆಗಲೂ ದಾರಿ ಸಿಗದಿದ್ದರೆ ಟರ್ನ್ ಎಂಬ ಇನ್ನೊಂದು ಸರ್ವರ್ ಚಿತ್ರವನ್ನೆಲ್ಲ ತಾನೇ ಹೊತ್ತು ಸಾಗಿಸುತ್ತದೆ.

ರಾಯರು: ತಿಳಿಯಿತು. ಮೊದಲನೆಯವನು ಜಾತಕ ಒಯ್ದು, ಗಂಟು ಹಾಕಿಸಿ, ದಕ್ಷಿಣೆ ಪಡೆದು ತನ್ನ ಮನೆಗೆ ಹೋಗುವ ಮದುವೆಯ ದಳ್ಳಾಳಿ. ಕಡೆಯವನೋ, ದಂಪತಿಗಳು ಪರಸ್ಪರ ಮಾತನಾಡಲಾರರೆಂಬ ನೆಪದಿಂದ ಅವರ ಮನೆಯಲ್ಲಿಯೇ ಬಿಡಾರ ಹೂಡಿ, ಇವಳು ಹೇಳಿದ್ದನ್ನು ಅವನಿಗೂ ಅವನು ಗೊಣಗಿದ್ದನ್ನು ಇವಳಿಗೂ ಮುಟ್ಟಿಸುತ್ತ, ಎರಡು ಹೊತ್ತು ಉಣ್ಣುವ ದಳ್ಳಾಳಿ. ಅವನ ಊಟದ ಖರ್ಚು ಯಾರದು?

ಶ್ರೀಧರ: ನನ್ನದೇ, ತಾತ. ಎಷ್ಟು ಚಿತ್ರ ಹರಿಯಿತೋ ಅಷ್ಟು ಬಾಡಿಗೆ. ಅಜ್ಜಿಯೂ ಅತ್ತೆಯೂ ಸೇರಿ ನಾಲ್ವರಾದರೆ, ನೇರ ಮಾರ್ಗದಲ್ಲಿ ಒಟ್ಟು 6 ಸಂಪರ್ಕಗಳು. ಪ್ರತಿಯೊಬ್ಬರ ಯಂತ್ರವೂ ಒಂದೇ ಮುಖವನ್ನು ಮೂರು ಕಡೆಗೆ ಕಳುಹಿಸಬೇಕು.

ರಾಯರು: ನಿನ್ನಜ್ಜಿಗೆ ಸಂಪರ್ಕವೇಕೆ? ಆಕೆ ನನ್ನ ಕಾಯಿ ಹೊಡೆದಾಗ ನಗುವ ನಗೆ ಬೀದಿಗೇ ಕೇಳಿಸುತ್ತದೆ. ಅದಿರಲಿ, ಒಂದು ವಿಜ್ಞಾಪನೆ. ಶಾಮಣ್ಣನ ಮುಖ ನನಗೆ ಕಾಣುತ್ತ, ನನ್ನ ಮುಖ ಮಾತ್ರ ಅವನಿಗೆ ಕಾಣದಂತೆ ಒಂದು ಗುಂಡಿಯನ್ನು ಇಡಲಾದೀತೆ?

ಶ್ರೀಧರ: ಚಿತ್ರವನ್ನು ಸ್ವೀಕರಿಸಿ, ತಾನು ಕಳುಹಿಸದಿರುವ ಏರ್ಪಾಡು ಧಾರಾಳವಾಗಿದೆ. ಆದರೆ ಶಾಮಣ್ಣ ತಾತನೂ ಈ ದಿನ ಬೆಳಗ್ಗೆ ಫೋನು ಮಾಡಿ, ನಿಮಗೆ ಹೇಳಬಾರದೆಂದು ಆಣೆ ಹಾಕಿಸಿ, ಇದೇ ಗುಂಡಿಯನ್ನು ಕೇಳಿದ್ದಾರೆ.

ರಾಯರು: ಇಬ್ಬರೂ ಒತ್ತಿದರೆ?

ಶ್ರೀಧರ: ನಿನ್ನೆ ಆಡಿದ ಆಟವೇ ಆಗುತ್ತದೆ; ನನಗೆ ಒಂದು ಸಾಲು ಬರೆಯುವ ಶ್ರಮವೂ ಇಲ್ಲ, ದಳ್ಳಾಳಿಗೆ ಊಟವೂ ಇಲ್ಲ.

ರಾಯರು: ಕೃಪಣಾ! ಹಾಗಾದರೆ ಗುಂಡಿ ಬೇಡ, ನನ್ನ ಮುಖವೂ ಹೋಗಲಿ. ಮೂವತ್ತು ವರ್ಷ ಗಣಿತ ಬೋಧಿಸಿದವನಿಗೆ, ಕರಿಹಲಗೆಯ ಮೇಲೆ ತನ್ನ ಉತ್ತರವೇ ತಪ್ಪಿದಾಗಲೂ ಮುಖವನ್ನು ಬಿಗಿಹಿಡಿದು ನಿಲ್ಲುವುದು ಅಭ್ಯಾಸವಾಗಿಹೋಗಿದೆ.