ಹತ್ತನೇ ಮುದ್ರಣ ಎಂಬ ಅಪರಾಧ

ಕನ್ನಡದಲ್ಲಿ ಕಾದಂಬರಿ ಬರೆಯುವುದು ಅಪರಾಧವಲ್ಲ. ಸಾಲ ಮಾಡಿ ಅಚ್ಚು ಹಾಕಿಸುವುದೂ ಅಲ್ಲ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಿಡುಗಡೆ ಇಟ್ಟುಕೊಂಡು, ಬಂದವರಿಗೆಲ್ಲ ಉಪ್ಪಿಟ್ಟು ಕೇಸರಿಬಾತು ಹಂಚಿ, ಮೈಸೂರು ಪೇಟ ತೊಟ್ಟು ಫೋಟೋ ತೆಗೆಸಿಕೊಂಡು, ಮಿಕ್ಕ ಪ್ರತಿಗಳನ್ನು ಮಂಚದಡಿ ಜೋಡಿಸಿಟ್ಟರೆ ಸಾಹಿತ್ಯಲೋಕ ಆ ಲೇಖಕನನ್ನು ತುಂಬು ಅಂತಃಕರಣದಿಂದ ಕಾಣುತ್ತದೆ. “ಪಾಪ, ಎಂಥ ಬರಹಗಾರ, ಯಾರೂ ಗುರುತಿಸಲೇ ಇಲ್ಲ ನೋಡಿ” ಎಂದು ಗುರುತಿಸದವರೇ ಮರುಗುತ್ತಾರೆ. ತೊಂದರೆ ಶುರುವಾಗುವುದು ಪುಸ್ತಕ ಖರ್ಚಾಗತೊಡಗಿದಾಗ. ಮೊದಲ ಮುದ್ರಣ ಮುಗಿದರೆ ಅನುಮಾನ, ಮೂರನೆಯದಕ್ಕೆ ವಿಚಾರಣೆ, ಹತ್ತನೆಯದಕ್ಕೆ ತೀರ್ಪು.

ಈ ಕಾನೂನಿನ ಅತಿ ದೊಡ್ಡ ಮೊಕದ್ದಮೆ 2007ರದು. ಆ ವರ್ಷ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂತು. ಬಂತು ಎನ್ನುವುದೂ ಸರಿಯಲ್ಲ, ಬಿಡುಗಡೆಗೆ ಮೊದಲೇ ಪ್ರತಿಗಳು ಖಾಲಿಯಾಗಿದ್ದವು. ಐದು ತಿಂಗಳಲ್ಲಿ ಹತ್ತು ಮುದ್ರಣ ಕಂಡಿತೆಂಬ ಸುದ್ದಿ ಹಬ್ಬಿತು. ಇಂಥದ್ದೊಂದು ಅನಾಹುತ ನಡೆದಾಗ ನಾಡು ಸುಮ್ಮನಿರುತ್ತದೆಯೆ? ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಚರ್ಚೆಯಲ್ಲಿ ಯು.ಆರ್. ಅನಂತಮೂರ್ತಿಯವರು, ಭೈರಪ್ಪ ಚರ್ಚಾಪಟುವೇ ಹೊರತು ಕಥನಕಾರರಲ್ಲ ಎಂಬರ್ಥದ ಮಾತಾಡಿದರು. ಅದಕ್ಕೆ ಬಂದ ಪ್ರತಿಕ್ರಿಯೆಯ ಕಾವಿಗೆ ಬೇಸತ್ತು, ಇನ್ನು ಸಾಹಿತ್ಯ ಸಮಾರಂಭಗಳಿಗೇ ಹೋಗುವುದಿಲ್ಲವೆಂದೂ ಹೇಳಿದರು. ಪತ್ರಿಕೆಗಳ ವಾಚಕರ ಪುಟಕ್ಕೆ ಮಾತ್ರ ಅಂಥ ಸುಗ್ಗಿ ಮತ್ತೆ ಬಂದಿಲ್ಲ.

ಆ ಕಾಲದಿಂದ ಇವತ್ತಿನವರೆಗೆ ಈ ಜಗಳದಲ್ಲಿ ಪಾತ್ರಧಾರಿಗಳು ಬದಲಾಗಿದ್ದಾರೆ, ಪಾತ್ರಗಳು ಬದಲಾಗಿಲ್ಲ. ಮೊದಲನೆಯವರು ಮೇಷ್ಟ್ರು. ಭುಜಕ್ಕೆ ಜೋಳಿಗೆ, ಬಾಯಲ್ಲಿ ‘ಹುನ್ನಾರ’. “ಓದಿದ್ರಾ ಸಾರ್?” ಎಂದು ಕೇಳಿ. “ಅದರಲ್ಲಿ ಓದೋದೇನಿದೆ ರೀ? ಏನಿರುತ್ತೆ ಅಂತ ಗೊತ್ತಿರೋದೇ ಅಲ್ವಾ?” ಎನ್ನುತ್ತಾರೆ. ಓದದೆಯೇ ಗೊತ್ತಾಗುವ ಈ ಸಿದ್ಧಿಗೆ ಹಿಂದಿನ ಕಾಲದಲ್ಲಿ ಹನ್ನೆರಡು ವರ್ಷ ತಪಸ್ಸು ಬೇಕಿತ್ತು. ಈಗ ಎರಡು ವಿಚಾರ ಸಂಕಿರಣ ಸಾಕು.

ಎರಡನೆಯವರು ರಾಯರು. ಇವರನ್ನೂ ಅದನ್ನೇ ಕೇಳಿ.

“ಓದಿದ್ರಾ ರಾಯರೇ?”

“ಐದು ಪ್ರತಿ ತಗೊಂಡಿದೀನಿ ಕಣ್ರೀ! ಮದುವೆ ಮುಂಜಿಗೆ ಉಡುಗೊರೆ ಕೊಡೋಕೆ ಅನುಕೂಲ.”

“ಅದಲ್ಲ, ಓದಿದ್ರಾ ಅಂತ.”

“ನಮ್ಮ ಮಗಳು ಓದ್ತಾ ಇದಾಳೆ. ಒಂದು ವಿಷಯ ಹೇಳ್ತೀನಿ ಕೇಳಿ, ಹತ್ತು ಮುದ್ರಣ ಸುಮ್ಮನೆ ಆಗುತ್ತೇನ್ರೀ?”

ಮೇಷ್ಟ್ರ ಪ್ರಕಾರ ಇಷ್ಟು ಮಾರಾಟವಾದ ಪುಸ್ತಕ ಕೆಟ್ಟದ್ದಾಗಿರಲೇಬೇಕು. ರಾಯರ ಪ್ರಕಾರ ಇಷ್ಟು ಮಾರಾಟವಾದದ್ದು ಕೆಟ್ಟದ್ದಾಗಿರಲು ಸಾಧ್ಯವೇ ಇಲ್ಲ. ಇಬ್ಬರೂ ಪುಸ್ತಕದ ಒಳಗಿನ ಪುಟ ಬಿಟ್ಟು ಅಂಗಡಿಯ ಬಿಲ್ ಪುಸ್ತಕವನ್ನೇ ಓದಿದ್ದಾರೆ. ವಿಮರ್ಶೆಗೆ ಇಬ್ಬರ ಬಳಿಯೂ ಇರುವ ಸಾಧನ ಕ್ಯಾಲ್ಕುಲೇಟರ್ ಒಂದೇ. ಒಬ್ಬರು ಕೂಡುತ್ತಾರೆ, ಇನ್ನೊಬ್ಬರು ಅದನ್ನೇ ಕಳೆಯುತ್ತಾರೆ.

ಮೂರನೆಯವರು ಸಮಚಿತ್ತದವರು. “ನಾನು ಆ ಕಡೆಯವನೂ ಅಲ್ಲ, ಈ ಕಡೆಯವನೂ ಅಲ್ಲ” ಎಂದು ಶುರುಮಾಡಿ, “ಭೈರಪ್ಪನವರ ಹಳೆಯ ಕಾದಂಬರಿಗಳು ಚೆನ್ನಾಗಿದ್ದವು. ‘ಪರ್ವ’ದ ಭೈರಪ್ಪನವರೇ ಬೇರೆ, ‘ಆವರಣ’ದ ಭೈರಪ್ಪನವರೇ ಬೇರೆ” ಎಂದು ಮುಗಿಸುತ್ತಾರೆ. 1979ರಲ್ಲಿ ‘ಪರ್ವ’ ಬಂದಾಗ ಇದೇ ಜಾತಿಯವರು “‘ವಂಶವೃಕ್ಷ’ದ ಭೈರಪ್ಪನವರೇ ಬೇರೆ” ಎಂದಿದ್ದರು. 1965ರಲ್ಲಿ ‘ವಂಶವೃಕ್ಷ’ ಬಂದಾಗ ಏನೆಂದರೋ, ಬಹುಶಃ ಅನಕೃ ಕಾಲವೇ ಬೇರೆ ಎಂದಿರಬೇಕು. ಇವರಿಗೆ ಇಷ್ಟವಾಗಬೇಕಾದರೆ ಕಾದಂಬರಿಗೆ ಕನಿಷ್ಠ ಇಪ್ಪತ್ತು ವರ್ಷ ಕಳೆದಿರಬೇಕು, ಕಾದಂಬರಿಕಾರರು ಇಲ್ಲವಾದರಂತೂ ಇನ್ನೂ ಒಳ್ಳೆಯದು. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ಮೇಲೆ ಈ ಪಂಗಡದ ಸದಸ್ಯತ್ವ ಒಂದೇ ವಾರದಲ್ಲಿ ಹೇಗೆ ಬೆಳೆಯಿತೆಂಬುದನ್ನು ಶ್ರದ್ಧಾಂಜಲಿ ಬರಹಗಳನ್ನು ಓದಿದವರೆಲ್ಲ ಕಂಡಿದ್ದಾರೆ.

ಇದು ಭೈರಪ್ಪನವರೊಬ್ಬರ ಹಣೆಬರಹ ಎಂದುಕೊಳ್ಳಬೇಡಿ, ಈ ಕಾನೂನಿಗೆ ನೂರು ವರ್ಷದ ಇತಿಹಾಸವಿದೆ. ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದ ಆ ನಡಿಗೆಯನ್ನು ಈಗ ಎಲ್ಲರೂ ಭಾಷಣದಲ್ಲಿ ಹೊಗಳುತ್ತಾರೆ. ಅವರ ಕಾದಂಬರಿಗಳಲ್ಲಿ ಹಲವು ಮರಾಠಿಯ ಹರಿ ನಾರಾಯಣ ಆಪ್ಟೆಯವರಿಂದ ಬಂದವು ಎಂಬುದನ್ನು ಅದೇ ಭಾಷಣದ ಎರಡನೇ ಭಾಗದಲ್ಲಿ ಸೇರಿಸಲು ಮರೆಯುವುದಿಲ್ಲ. ಆಮೇಲೆ ಅನಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಕಾದಂಬರಿ ಸಾರ್ವಭೌಮ ಎನ್ನಿಸಿಕೊಂಡವರು. ‘ನಗ್ನ ಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಬಂದಾಗ ಅಶ್ಲೀಲವೆಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಅಶ್ಲೀಲವೆಂದವರು ಯಾವ ಪುಟದಲ್ಲಿ ಎಂಬುದನ್ನು ಕರಾರುವಾಕ್ಕಾಗಿ ಹೇಳುತ್ತಿದ್ದರೆನ್ನುವುದು ಅವರ ಪರವಾಗಿ ಹೇಳಲೇಬೇಕಾದ ಮಾತು. ಆ ತಲೆಮಾರಿನವರು ಬೈಯುವುದಕ್ಕಾದರೂ ಓದುತ್ತಿದ್ದರು.

ಹೆಂಗಸರು ಬರೆದು, ಹೆಂಗಸರು ಓದಿ, ಪುಸ್ತಕ ಮಾರಾಟವಾದರಂತೂ ವಿಚಾರಣೆಯೂ ಇಲ್ಲ, ನೇರ ಶಿಕ್ಷೆ. ತ್ರಿವೇಣಿಯವರ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಸರದಿ ಹಚ್ಚಿ ಓದುತ್ತಿದ್ದ ಕಾಲದಲ್ಲಿ ಆ ಇಡೀ ಪರಂಪರೆಗೇ ‘ಅಡುಗೆಮನೆ ಸಾಹಿತ್ಯ’ ಎಂಬ ಹೆಸರಿಟ್ಟರು. ಬಾಣಂತಿಯ ಮನೋರೋಗವನ್ನೂ ಗುಣವಾಗಿ ಬಂದವಳನ್ನು ಮನೆಯವರೇ ಮತ್ತೆ ಹುಚ್ಚಿಯಾಗಿಸುವ ಬಗೆಯನ್ನೂ ‘ಶರಪಂಜರ’ದಲ್ಲಿ ಬರೆದವರು ಈ ಅಡುಗೆಮನೆಯವರೇ. ಅದನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದ ಮೇಲೆ ಅಡುಗೆಮನೆಯಿಂದ ನಡುಮನೆಗೆ ಬಡ್ತಿ ಸಿಕ್ಕಿತು. ಬಡ್ತಿಯ ಆದೇಶ ಬರುವ ಹೊತ್ತಿಗೆ, 1963ರಲ್ಲೇ ತೀರಿಕೊಂಡಿದ್ದ ತ್ರಿವೇಣಿ ಇರಲಿಲ್ಲ.

ಮುಂದೆ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಬಂದು, ಮಾಟಮಂತ್ರದ ಕಥೆಗೆ ಓದುಗರು ವಾರವಾರವೂ ಮುಗಿಬಿದ್ದಾಗ ನಾಡು ಮೌಢ್ಯಕ್ಕೆ ಬಿದ್ದಿತೆಂದು ಆತಂಕ ಪಟ್ಟವರಿದ್ದರು. ನಾಡು ಬೀಳಲಿಲ್ಲ. ಆ ಓದುಗರು ಬೆಳೆದು, ಕೆಲವರು ಮೇಷ್ಟ್ರಾದರು, ಕೆಲವರು ರಾಯರಾದರು.

ಈಗ ಎರಡೂ ಪಕ್ಷಗಳ ಲೆಕ್ಕಪತ್ರವನ್ನು ಸ್ವಲ್ಪ ತಪಾಸಣೆ ಮಾಡೋಣ. ಮೇಷ್ಟ್ರು ಹೇಳುತ್ತಾರೆ, ಮಾರಾಟಕ್ಕೂ ಯೋಗ್ಯತೆಗೂ ಸಂಬಂಧವಿಲ್ಲ. ನೂರಕ್ಕೆ ನೂರು ಸರಿ. ಆದರೆ ‘ವಂಶವೃಕ್ಷ’ದ ವರ್ಷವೇ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತೆ ಮತ್ತೆ ಮುದ್ರಣವಾಗುವುದನ್ನೂ ಲೋಕದ ಭಾಷೆಗಳಿಗೆ ಹೋದದ್ದನ್ನೂ ಹೇಳುವಾಗ ಮೇಷ್ಟ್ರ ಕಣ್ಣಲ್ಲಿ ಹೆಮ್ಮೆ ಮಿನುಗುತ್ತದೆ. ಅದೂ ಸರಿಯೇ. ಹಾಗಾದರೆ ಭೈರಪ್ಪನವರ ಕಾದಂಬರಿಗಳು ಅಷ್ಟೊಂದು ಭಾರತೀಯ ಭಾಷೆಗಳಿಗೆ ಹೋದದ್ದು? “ಅದು ಬರೀ ಜನಪ್ರಿಯತೆ.” ಅವರ ‘ವಂಶವೃಕ್ಷ’ವನ್ನು ಕಾರ್ನಾಡರೂ ಬಿ.ವಿ. ಕಾರಂತರೂ, ‘ನಾಯಿ ನೆರಳ’ನ್ನು ಗಿರೀಶ ಕಾಸರವಳ್ಳಿಯವರೂ ಸಿನಿಮಾ ಮಾಡಿದ್ದು? “ಅದು ನಿರ್ದೇಶಕರ ಪ್ರತಿಭೆ.” ‘ಕರ್ವಾಲೊ’ 1980ರಿಂದ ಇವತ್ತಿನವರೆಗೂ ಖರ್ಚಾಗುತ್ತಲೇ ಇದೆಯಲ್ಲ? “ತೇಜಸ್ವಿ ವಿಷಯ ಬೇರೆ ರೀ.” ಬೇರೆ ಹೇಗೆ ಎಂದು ಕೇಳಿದರೆ ಮೇಷ್ಟ್ರಿಗೆ ಬಸ್ಸಿಗೆ ಹೊತ್ತಾಗುತ್ತದೆ.

ರಾಯರ ಲೆಕ್ಕವೂ ಇಷ್ಟೇ ಚೊಕ್ಕ. ಪ್ರಶಸ್ತಿಗಳೆಲ್ಲ ಲಾಬಿ, ವಿಮರ್ಶಕರೆಲ್ಲ ಗುಂಪುಗಾರರು, ಓದುಗರೇ ನಿಜವಾದ ನ್ಯಾಯಾಧೀಶರು ಎನ್ನುತ್ತಾರೆ. ಮರುಕ್ಷಣವೇ “ಆದರೂ ಜ್ಞಾನಪೀಠ ಕೊಡಲಿಲ್ಲವಲ್ರೀ!” ಎಂದು ಕಣ್ಣೀರು ತೆಗೆಯುತ್ತಾರೆ. ‘ದಾಟು’ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ, ‘ಮಂದ್ರ’ಕ್ಕೆ ಸರಸ್ವತಿ ಸಮ್ಮಾನ್, ಆಮೇಲೆ ಪದ್ಮಭೂಷಣ, ಎಲ್ಲ ಬಂದಿವೆ. ಬಂದವುಗಳೆಲ್ಲ ಯೋಗ್ಯತೆಗೆ ಬಂದವು, ಬಾರದ ಒಂದು ಮಾತ್ರ ಲಾಬಿಗೆ ಹೋಯಿತು. ಇನ್ನು ಓದುಗರೇ ನ್ಯಾಯಾಧೀಶರೆಂಬ ಮಾತು. ತಮಗೆ ಸೇರದ ಲೇಖಕನ ಪುಸ್ತಕ ಮೂರು ಮುದ್ರಣ ಕಂಡರೆ ಇದೇ ರಾಯರು “ಜನಕ್ಕೇನು ರೀ, ಕೊಟ್ಟಿದ್ದನ್ನ ತಿಂತಾರೆ” ಎನ್ನುತ್ತಾರೆ. ನ್ಯಾಯಾಧೀಶರ ನೇಮಕಾತಿ, ವರ್ಗಾವಣೆ ಎರಡೂ ರಾಯರ ಕೈಯಲ್ಲೇ ಇದೆ.

ಮಾರಾಟವಾಗದ ಪುಸ್ತಕಗಳಿಗೂ ಒಂದು ಮಾರುಕಟ್ಟೆ ಇದೆ ಎಂಬುದನ್ನು ಇಲ್ಲಿ ಮರೆಯಬಾರದು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಪುಟದ ಲೆಕ್ಕದಲ್ಲಿ ದರ, ಸಮಿತಿಯ ಆಯ್ಕೆ, ಬಿಲ್ಲಿಗೆ ಕಾಯುವ ಪ್ರಕಾಶಕ. ಇಲ್ಲಿ ಖರ್ಚಾದ ಪುಸ್ತಕಕ್ಕೆ ಇಷ್ಟು ಯಶಸ್ಸು ಸಲ್ಲುತ್ತದೆಯೇ ಎಂದು ಯಾರೂ ಸಂವಾದ ಏರ್ಪಡಿಸಿದ್ದಿಲ್ಲ. ಸರ್ಕಾರ ಕೊಂಡರೆ ಅದು ಸಾಹಿತ್ಯ ಪೋಷಣೆ. ಗುಮಾಸ್ತನೊಬ್ಬ ತನ್ನ ಸಂಬಳದಲ್ಲಿ ಕೊಂಡರೆ ಅಭಿರುಚಿಯ ಅಧಃಪತನ.

ಹಾಗಾದರೆ ‘ಆವರಣ’ದ ಬಗ್ಗೆ ಕೇಳಬೇಕಾದ ಪ್ರಶ್ನೆಗಳೇ ಇಲ್ಲವೆ? ಧಾರಾಳವಾಗಿವೆ. ಅಮೀರನನ್ನು ಮದುವೆಯಾಗಿ ರಜಿಯಾ ಆದ ಲಕ್ಷ್ಮಿ, ತಂದೆ ಸತ್ತ ಮೇಲೆ ಊರಿಗೆ ಬಂದು ಅವರು ಕೂಡಿಟ್ಟ ಪುಸ್ತಕಗಳನ್ನು ಓದುತ್ತಾಳೆ, ಔರಂಗಜೇಬನ ಕಾಲದ ಒಂದು ಕಾದಂಬರಿ ಬರೆಯುತ್ತಾಳೆ. ಕಾದಂಬರಿಯೊಳಗಿನ ಆ ಕಾದಂಬರಿ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಯೆ, ಇಲ್ಲ ಹೊರಗಿನ ವಾದಕ್ಕೆ ಸಾಕ್ಷಿ ಹೇಳಲು ಬಂದಿದೆಯೆ? ಎದುರಾಳಿ ಪಾತ್ರಗಳಿಗೆ ಸಮಬಲದ ಮಾತು ಸಿಕ್ಕಿದೆಯೆ? ಆಕರಗ್ರಂಥಗಳ ಉದ್ದನೆಯ ಪಟ್ಟಿ ಕೊಟ್ಟ ಮಾತ್ರಕ್ಕೆ ಕಥೆಯೊಳಗಿನ ಮನುಷ್ಯರಿಗೆ ಜೀವ ಬರುತ್ತದೆಯೆ? ಪಟ್ಟಿಯಲ್ಲಿರುವ ಪುಸ್ತಕಗಳನ್ನು ಲೇಖಕರು ನ್ಯಾಯವಾಗಿ ಬಳಸಿದ್ದಾರೆಯೆ? ಸೇರದವರೂ ಕೆಳಗಿಡಲಾರದಂತೆ ಓದಿಸಿಕೊಂಡು ಹೋಗುವ ಆ ಕಸುಬನ್ನು ಅವರು ಎಲ್ಲಿ ಕಲಿತರು, ನಮ್ಮ ಗಂಭೀರ ಕಾದಂಬರಿಕಾರರು ಅದನ್ನು ಎಲ್ಲಿ ಕಳೆದುಕೊಂಡರು? ಕೆಲವರು ಇವನ್ನು ಕೇಳಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ಅವರ ಬರಹಗಳನ್ನೂ ಎರಡೂ ಪಕ್ಷದವರು ಓದಿಲ್ಲ. ಈ ಪ್ರಶ್ನೆಗಳಲ್ಲಿ ಒಂದು ಭಯಂಕರ ಅನನುಕೂಲವಿದೆ, ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಕಾಗುತ್ತದೆ. ಯಶಸ್ಸು ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಆ ಕಷ್ಟವಿಲ್ಲ. ಯಾರ ಪಕ್ಕ ಕೂರಬೇಕು ಎಂದು ಗೊತ್ತಿದ್ದರೆ ಉತ್ತರ ತಾನಾಗಿ ಬರುತ್ತದೆ.

ಸಲ್ಲುವ ಮಾತಿಗೇ ಬಂದರೆ, ಯಾವ ಪುಸ್ತಕಕ್ಕೆ ಯಾವ ಯಶಸ್ಸು ಸಂದಿದೆ ಎಂಬುದನ್ನೂ ಒಮ್ಮೆ ನೋಡಬೇಕು. 2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದವರು ಸುಮಾರು 4.37 ಕೋಟಿ. ನಮ್ಮಲ್ಲಿ ಮೊದಲ ಮುದ್ರಣವೆಂದರೆ ವಾಡಿಕೆಯಂತೆ ಸಾವಿರ ಪ್ರತಿ. ಈಗ ಡಿಜಿಟಲ್ ಮುದ್ರಣ ಬಂದ ಮೇಲೆ ನೂರಿನ್ನೂರಕ್ಕೂ ಮುದ್ರಣವೆಂಬ ಮರ್ಯಾದೆ ಸಿಗುತ್ತಿದೆ. ನಾವು ಧಾರಾಳಿಗಳಾಗಿ, ಮಹಾ ಜನಪ್ರಿಯ ಕಾದಂಬರಿಯೊಂದರ ಪ್ರತಿ ಮುದ್ರಣಕ್ಕೂ 5,000 ಪ್ರತಿ ಎಂದೇ ಹಿಡಿಯೋಣ. ಹತ್ತು ಮುದ್ರಣಕ್ಕೆ 50,000. ಅಂದರೆ 874 ಕನ್ನಡಿಗರಲ್ಲಿ ಒಬ್ಬರು ಕೊಂಡಂತಾಯಿತು. ಉಳಿದ 873 ಮಂದಿ ಕೊಂಡಿಲ್ಲ. ಜಗಳದಲ್ಲಿ ಮಾತ್ರ ಅವರೆಲ್ಲ ಇದ್ದಾರೆ.

ಆದ್ದರಿಂದ ಓದುಗ ಮಹಾಶಯರಲ್ಲಿ ಒಂದು ಅರಿಕೆ. ಕಾಸು ಕೊಟ್ಟು ಕಾದಂಬರಿ ಕೊಂಡವರು ಯಾರಿಗೂ ಕೈಫಿಯತ್ತು ಕೊಡಬೇಕಾಗಿಲ್ಲ, ಹಾಗೆಯೇ ಅವರು ಕೊಂಡರೆಂಬುದು ಕಾದಂಬರಿಗೆ ಯೋಗ್ಯತಾಪತ್ರವೂ ಅಲ್ಲ. ಜಗಳ ಬೇಡವೆಂದು ನಾನು ಹೇಳುವುದಿಲ್ಲ, ಜಗಳವಿಲ್ಲದ ಸಾಹಿತ್ಯಕ್ಕಿಂತ ಶಾಲು ಹೊದಿಸುವ ಸಮಾರಂಭವೇ ವಾಸಿ. ಓದಿ ಜಗಳ ಆಡಿ. ಅಷ್ಟು ಪುರುಸೊತ್ತು ಇಲ್ಲದವರು ಕನಿಷ್ಠ ಒಂದು ಪ್ರತಿ ಕೊಂಡು ಆಡಿ. ಹೊಗಳುವವರಿಗೂ ತೆಗಳುವವರಿಗೂ ನಮ್ಮ ಊರುಗಳಲ್ಲಿ ಉಳಿದಿರುವ ಪುಸ್ತಕದಂಗಡಿ ಒಂದೇ, ಅದರ ಬಾಡಿಗೆಯನ್ನು ತಿಂಗಳ ಮೊದಲ ವಾರದಲ್ಲೇ ಕಟ್ಟಬೇಕು.