ಸಿಂಹಕ್ಕೂ ಬೆಲ್ಲದ ಲೆಕ್ಕ

ಮಹಾಲಿಂಗಪುರ ಬೆಲ್ಲದ ಪೇಟೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಮಾಲು ಮುರಿದು ಬಾಯಿಗೆ ಹಾಕಿಕೊಳ್ಳದೆ, ನಾಲ್ಕು ಅಂಗಡಿಯಲ್ಲಿ ದರ ಕೇಳದೆ ಏನನ್ನೂ ಕೊಂಡು ಗೊತ್ತಿಲ್ಲ. ಇಂಥ ಮನೆಯಲ್ಲಿ ಹುಟ್ಟಿ ದುಬೈಯಲ್ಲಿ ನೌಕರಿ ಹಿಡಿದ ನಾನು, "ಈ ಸಲ ಮಕ್ಕಳ ರಜೆಗೆ ಅಪ್ಪ-ಅವ್ವನನ್ನೂ ಕರೆದುಕೊಂಡು ಆಫ್ರಿಕಾ ಸಫಾರಿಗೆ ಹೋಗೋಣ" ಎಂದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇ ತಡ, ಹರಾಜು ಶುರುವಾಯಿತು.

ದುಬೈಯಿಂದ ನೈರೋಬಿಗೆ ವಿಮಾನದಲ್ಲಿ ಐದು ತಾಸು. ಮಹಾಲಿಂಗಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಇದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಹಾಗಾಗಿ ಮೊದಲು ಬಂದ ಹೆಸರು ಕೀನ್ಯಾದ ಮಸಾಯಿ ಮಾರಾ. ಜುಲೈ-ಆಗಸ್ಟ್‌ನಲ್ಲಿ ನಮ್ಮ ಮಕ್ಕಳಿಗೆ ರಜೆ. ಅದೇ ಹೊತ್ತಿಗೆ ತಾಂಜಾನಿಯಾದ ಸೆರೆಂಗೆಟಿಯಿಂದ ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ಹುಲ್ಲು ಹುಡುಕಿಕೊಂಡು ಬಂದು ಮಾರಾ ಹೊಳೆ ದಾಟುತ್ತವೆ. ನೀರಿನಲ್ಲಿ ಮೊಸಳೆಗಳು ಬಾಯಿ ತೆರೆದು ಕಾದಿರುತ್ತವೆ. ವಿಡಿಯೋ ಕಳಿಸಿದೆ. ಅಪ್ಪ ಕಡೆತನಕ ನೋಡಿ ಫೋನು ಮಾಡಿದರು.

"ದನ ಹೊಳಿ ದಾಟತಾವು. ಅದರಾಗ ಏನೈತಿ? ನಮ್ಮ ಘಟಪ್ರಭಾದಾಗ ಎಮ್ಮಿ ದಾಟೂದಿಲ್ಲೇನು?"

"ಅಪ್ಪಾ, ಅಲ್ಲಿ ಮೊಸಳಿ ಅದಾವ್ರಿ."

"ಮೊಸಳಿ ಕೃಷ್ಣಾದಾಗೂ ಅದಾವ. ದರಾ ಹೇಳು."

ಹೇಳಿದೆ. ವಿದೇಶಿ ಪ್ರವಾಸಿ ಮಾರಾದೊಳಗೆ ಕಾಲಿಡಲು 2024ರಿಂದ ಜನವರಿ-ಜೂನ್‌ನಲ್ಲಿ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ದಿನವೆಂದರೆ ಅವರ ಲೆಕ್ಕದಲ್ಲಿ 12 ತಾಸು. ವಸತಿ, ಜೀಪು, ಊಟ ಎಲ್ಲ ಬೇರೆ. ದೊಡ್ಡವರು ನಾಲ್ವರಿಗೆ ದಿನಕ್ಕೆ 800 ಡಾಲರ್ ಆಯಿತು. ಆ ಕಡೆ ಅಪ್ಪ ಸುಮ್ಮನಾದರು. ಡಾಲರನ್ನು ರೂಪಾಯಿಗೆ, ರೂಪಾಯಿಯನ್ನು ಬೆಲ್ಲದ ಪೆಂಟಿಗೆ ಇಳಿಸುತ್ತಿದ್ದಾರೆಂದು ಆ ಮೌನದಿಂದಲೇ ಗೊತ್ತಾಯಿತು. "ಹದಿನೈದಿಪ್ಪತ್ತು ಕ್ವಿಂಟಲ್ ಬೆಲ್ಲ," ಎಂದರು. "ಬರೇ ಬಾಗಲಾ ತಗಿಯಾಕ."

ಅವ್ವನ ಪ್ರಶ್ನೆ ದುಡ್ಡಿನದಲ್ಲ. "ಉಣ್ಣಾಕ ಏನ್ ಸಿಗತೈತಿ?" ಕೀನ್ಯಾದಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ಅಲ್ಲಿನ ಜನರೂ ಚಪಾತಿ ತಿನ್ನುತ್ತಾರೆ, ಅದಕ್ಕೆ ಚಪಾತಿ ಅಂತಲೇ ಅನ್ನುತ್ತಾರೆ ಎಂದು ಸಮಾಧಾನ ಹೇಳಿದೆ. "ಚಪಾತಿ ಸಿಗತೈತಿ ಅಂದ್ರ ರೊಟ್ಟಿ ಸಿಗೂದಿಲ್ಲ ಅಂತ ಆತು," ಎಂದು ಅವ್ವ ಕಡಕ್ ರೊಟ್ಟಿ ತಟ್ಟುವ ಯೋಜನೆ ಹಾಕಿದಳು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಒಂದೊಂದೂ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ. ಕೀನ್ಯಾ 2017ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿದೆ, ಪ್ರವಾಸಿಗರೂ ಒಯ್ಯುವ ಹಾಗಿಲ್ಲ ಎಂದೆ. ರಬಕವಿ-ಬನಹಟ್ಟಿ ಮಗ್ಗಗಳ ನೆರೆಯವಳಿಗೆ ಬಟ್ಟೆ ಚೀಲಕ್ಕೇನು ಬರ? ಆದರೆ ನೈರೋಬಿಯಿಂದ ಮಾರಾಕ್ಕೆ ಹೋಗುವ ಸಣ್ಣ ವಿಮಾನದಲ್ಲಿ ತಲೆಗೆ 15 ಕಿಲೋ ಸಾಮಾನು, ಅದೂ ಮೆತ್ತನೆಯ ಚೀಲದಲ್ಲಿ. ರೊಟ್ಟಿಯ ಸ್ಟೀಲ್ ಡಬ್ಬಿ ಹತ್ತುವಂತಿಲ್ಲ. ಮೆತ್ತನೆಯ ಚೀಲದಲ್ಲಿ ಕಡಕ್ ರೊಟ್ಟಿ ಮುಟ್ಟುವ ಹೊತ್ತಿಗೆ ಅದು ಮಾದ್ಲಿಯೇ.

ಹಾಗಾದರೆ ಸೆರೆಂಗೆಟಿ? ಅಲ್ಲಿಯ ಕೆಲವು ಕಡೆ ತ್ಸೆತ್ಸೆ ಎಂಬ ಕಚ್ಚುವ ನೊಣ. ಅದಕ್ಕೆ ನೀಲಿ, ಕಪ್ಪು ಬಣ್ಣ ಕಂಡರೆ ಪ್ರೀತಿ. ಅದನ್ನು ಹಿಡಿಯುವ ಬಲೆಗಳನ್ನೇ ನೀಲಿ-ಕಪ್ಪು ಬಟ್ಟೆಯಲ್ಲಿ ಮಾಡುತ್ತಾರೆ. ಅವ್ವನ ಒಳ್ಳೆಯ ಸೀರೆಗಳೆಂದರೆ ಎರಡು: ಒಂದು ಕಡುನೀಲಿ ಇಳಕಲ್, ಇನ್ನೊಂದು ಚಂದ್ರಕಾಳಿ.

ಈ ನಡುವೆ ಜಮಖಂಡಿಯಿಂದ ಸೋದರಮಾವ ಗುಂಪಿಗೆ ಇಳಿದ. 1986ರಲ್ಲಿ ದ್ವಾರಕೀಶ್ ಅವರ 'ಆಫ್ರಿಕಾದಲ್ಲಿ ಶೀಲಾ' ನೋಡಿದ ದಿನದಿಂದ ಆ ಖಂಡದ ಮೇಲಿನ ಅಧಿಕಾರ ಇವನದು. ಮಾಮಾನ ವಾದ ಸರಳ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾ, ಮರುವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾ ಮಧ್ಯಪ್ರದೇಶದ ಕುನೋಗೆ ವಿಮಾನದಲ್ಲಿ ಬಂದವು. "ಅವ ಇಲ್ಲಿ ಬಂದಾವ. ನೀವ್ಯಾಕ ಅಲ್ಲಿ ಹೊಕ್ಕೀರಿ?"

ನನ್ನ ಹೆಂಡತಿ ಮೈಸೂರಿನವಳು. ಆನೆ ಎಂದರೆ ಕಬಿನಿ ಹಿನ್ನೀರಿನದೇ ಆನೆ ಎಂಬ ನಂಬಿಕೆ ಬಿಡದೆ, ಬೋಟ್ಸ್‌ವಾನಾದ ಒಕವಾಂಗೋದಲ್ಲಿ ದೋಣಿಯಲ್ಲಿ ಕೂತು ಆನೆ ನೋಡಬೇಕು ಎಂದಳು. ಅಲ್ಲಿ ಜನ ಕಡಿಮೆ ಬರಲಿ, ದುಡ್ಡು ಹೆಚ್ಚು ಬರಲಿ ಎಂಬುದೇ ಸರಕಾರದ ನೀತಿ. ಆ ದರವನ್ನು ನಾನು ಊರಿಗೆ ಮುಟ್ಟಿಸಲಿಲ್ಲ. ಅಪ್ಪನಿಗೆ ಬೀಪಿ ಇದೆ.

ಫೋಟೋ ನೋಡುತ್ತ ನೋಡುತ್ತ ಅವ್ವ ಇನ್ನೊಂದು ತಕರಾರು ತೆಗೆದಳು. "ಗಿಡಾನ ಇಲ್ಲ. ಇದೆಂಥಾ ಅಡವಿ?" ಅಪ್ಪ ಕನ್ನಡಕ ಏರಿಸಿ, "ಥೇಟ್ ನಮ್ಮ ಯಡಹಳ್ಳಿ ಗುಡ್ಡ," ಎಂದರು. ನೋಡಿದರೆ ಮಾತು ಸುಳ್ಳಲ್ಲ. ಬೀಳಗಿ-ಮುಧೋಳ ಸೀಮೆಯ ಆ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಮಾರಾದ ಬಯಲಲ್ಲಿ ಹಿಂಡುಗಟ್ಟಿ ಮೇಯುವ ಥಾಮ್ಸನ್ ಗೆಜೆಲ್, ನಮ್ಮ ಚಿಂಕಾರದ ದಾಯಾದಿ. ಎರಡರ ಫೋಟೋ ಪಕ್ಕಪಕ್ಕ ಇಟ್ಟು ಕಳಿಸಿದೆ. ಅಪ್ಪ ಕೊಟ್ಟ ತೀರ್ಪು: "ಇದು ನಮ್ಮ ಚಿಗರೀನ. ಪಕ್ಕಡಿಗೆ ಕರೀ ಪಟ್ಟಿ ಎಳದಾರ, ಅಷ್ಟ." ಹುಟ್ಟಿದೂರಿನಿಂದ ಇಷ್ಟು ಹತ್ತಿರದ ಈ ಧಾಮಕ್ಕೆ ನಾವ್ಯಾರೂ ಒಮ್ಮೆಯೂ ಹೋಗಿಲ್ಲ ಎಂಬುದನ್ನು ಗುಂಪಿನಲ್ಲಿ ಯಾರೂ ಎತ್ತಲಿಲ್ಲ.

ಕೀನ್ಯಾ ಕೈಬಿಟ್ಟದ್ದು ಹಳದಿ ಜ್ವರದಿಂದ. ಅಲ್ಲಿಂದ ಆರು ದಿನದೊಳಗೆ ಭಾರತಕ್ಕೆ ಇಳಿಯುವವರ ಕೈಯಲ್ಲಿ ಹಳದಿ ಜ್ವರದ ಲಸಿಕೆಯ ಕಾರ್ಡು ಇರಬೇಕು, ಇಲ್ಲದಿದ್ದರೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲೆಯೇ ಕಾರ್ಡಿಗೆ ಬೆಲೆ. ಅರವತ್ತು ದಾಟಿದವರಿಗೆ ಆ ಲಸಿಕೆ ಕೊಡುವಾಗ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಅಪ್ಪನಿಗೆ ಎಪ್ಪತ್ತೆರಡು. ಸಫಾರಿ ಮುಗಿಸಿ ದುಬೈಯಲ್ಲಿ ಒಂದು ವಾರ ಇದ್ದು ಹೋದರೆ ಕಾರ್ಡೇ ಬೇಡವಲ್ಲ ಎಂದು ಹೆಂಡತಿ ದಾರಿ ಹುಡುಕಿದಳು. ಊರಿನ ಡಾಕ್ಟರು ಒಪ್ಪಲಿಲ್ಲ: "ನಿಮ್ಮ ಲೆಕ್ಕ ಏರ್‌ಪೋರ್ಟಿಗೆ ಗೊತ್ತಾಗತೈತಿ, ಸೊಳ್ಳಿಗೆ ಗೊತ್ತಾಗೂದಿಲ್ಲ."

ಉಳಿದದ್ದು ದಕ್ಷಿಣ ಆಫ್ರಿಕಾ. ಹಳದಿ ಜ್ವರದ ಗೊಡವೆಯಿಲ್ಲ. ಹೆಸರಾಂತ ಕ್ರೂಗರ್‌ನಲ್ಲಿ ಮಲೇರಿಯಾ ಇದೆ, ಜೋಹಾನ್ಸ್‌ಬರ್ಗ್‌ನಿಂದ ದೂರವೂ ಹೌದು. ಆದರೆ ಅದೇ ಊರಿನಿಂದ ಕಾರಿನಲ್ಲಿ ಮೂರು ತಾಸಿನೊಳಗೆ ಪಿಲಾನೆಸ್‌ಬರ್ಗ್ ಇದೆ, ಮಲೇರಿಯಾ ಇಲ್ಲದ ಜಾಗ. ನೂರು ಕೋಟಿ ವರ್ಷಕ್ಕೂ ಹಿಂದೆ ಉರಿದು ಆರಿದ ಜ್ವಾಲಾಮುಖಿಯ ಒಳಗೇ ಸಫಾರಿ. ಒಂದು ಕಾಲಕ್ಕೆ ಹೊಲಗಳಿದ್ದ ಆ ನೆಲಕ್ಕೆ 1979ರಿಂದ ಬೇರೆ ಕಡೆಯಿಂದ ಸುಮಾರು 6,000 ಪ್ರಾಣಿಗಳನ್ನು ಲಾರಿಯಲ್ಲಿ ತಂದು ಬಿಟ್ಟರು ಎಂದು ಹೇಳಿ ಕೆಟ್ಟೆ.

"ಅಂದ್ರ ಸಂತಿಯಿಂದ ತಂದ ಮಾಲು."

"ಅಲ್ರಿ ಅಪ್ಪಾ, ಈಗ ಇರೂವು ಅವುಗಳ ಮಕ್ಕಳು ಮೊಮ್ಮಕ್ಕಳು. ಅಲ್ಲೇ ಹುಟ್ಟಿದಾವು."

"ಹಂಗಾರ ಅವಕ್ಕ ಊರ ಹತ್ತೇತಿ ಬಿಡು. ನಿನಗ ಇನ್ನೂ ಎರಡ ವರ್ಷಕ್ಕೊಮ್ಮೆ ವೀಸಾ ರಿನೀವಲ್."

ಅಪ್ಪ ಕೊನೆಗೂ ಒಪ್ಪಿದ್ದು ಸಿಂಹಕ್ಕಲ್ಲ, ಶೌಚಾಲಯಕ್ಕೆ. ಸಫಾರಿಯಲ್ಲಿ ಗಾಡಿಯಿಂದ ಕಂಡಕಂಡಲ್ಲಿ ಇಳಿಯುವಂತಿಲ್ಲ. ಪೂರ್ವ ಆಫ್ರಿಕಾದ ಬಯಲಲ್ಲಿ ಒಂದಕ್ಕೆ ಬಂದರೆ "ಟೈರ್ ನೋಡಬೇಕು" ಅನ್ನುವುದು ವಾಡಿಕೆ. ಡ್ರೈವರ್ ಸುತ್ತಮುತ್ತ ನೋಡಿ ಹೂಂ ಅಂದ ಮೇಲೆ ಗಾಡಿಯ ಹಿಂದೆ ನಿಲ್ಲಬೇಕು. ಸಕ್ಕರೆ ಕಾಯಿಲೆಯ ಅಪ್ಪನಿಗೆ ತಾಸಿಗೊಮ್ಮೆ ಟೈರ್ ನೋಡುವ ಕೆಲಸ. ಪಿಲಾನೆಸ್‌ಬರ್ಗ್‌ನಲ್ಲಿ ಬೇಲಿ ಹಾಕಿದ, ಇಳಿಯಬಹುದಾದ ತಾಣಗಳಿವೆ. ಅವ್ವನಿಗೆ ಹಿಡಿಸಿದ್ದು ಚಳಿ. ಜುಲೈ ಅಲ್ಲಿ ಚಳಿಗಾಲ, ಬೆಳಗಿನ ತೆರೆದ ಗಾಡಿಯಲ್ಲಿ ಹಲ್ಲು ಕಟಕಟ. ಮದುವೆಯಾದಾಗಿನಿಂದ ಹೊಲಿದು ಟ್ರಂಕಿನಲ್ಲಿಟ್ಟ ಕೌದಿಗಳಿಗೆ ಕೊನೆಗೂ ಕೆಲಸ ಸಿಕ್ಕಿತು. ಹುಲ್ಲೂ ಒಣಗಿ ತೆಳ್ಳಗಾಗಿ, ನೀರಿನ ಹತ್ತಿರ ಬರುವ ಪ್ರಾಣಿಗಳು ಚೆನ್ನಾಗಿ ಕಾಣುತ್ತವಂತೆ. ಮನೆಯಲ್ಲಿ ಇದನ್ನು ಕೇಳಿದವಳು ನನ್ನ ಐದು ವರ್ಷದ ಮಗಳು ಒಬ್ಬಳೇ.

ವೀಸಾಕ್ಕೆ ಅಪ್ಪ-ಅವ್ವ ಅಲ್ಲಿಂದ, ನಾವು ಇಲ್ಲಿಂದ ಅರ್ಜಿ ಹಾಕಿದ್ದೇವೆ. ನೀವೂ ಮೊದಲ ಸಲ ಹಿರಿಯರನ್ನೂ ಚಿಕ್ಕವರನ್ನೂ ಕಟ್ಟಿಕೊಂಡು ಹೊರಡುವವರಾದರೆ ಮಾರಾದ ಹೊಳೆ ದಾಟುವ ದನಗಳನ್ನು ಮುಂದಿನ ಸಲಕ್ಕೆ ಇಡಿ. ಟಿಕೆಟ್ ತೆಗೆಸುವ ಮುಂಚೆ ಡಾಕ್ಟರನ್ನು ಕೇಳಿ, ಸೋದರಮಾವನನ್ನು ಮಾತ್ರ ಕೇಳಬೇಡಿ.