ಬಾದಾಮಿ ಅಂದರೆ ಪುಠಾಣಿ

"ಟ್ಯೂಬ್‌ಲೈಟ್ ಯಾವಾಗ ಒಡೀತಾರ್ರೀ?"

ಬೀದರಿನ ಗುರುನಾನಕ ಝೀರಾ ಗುರುದ್ವಾರದ ಮೆರವಣಿಗೆಯಲ್ಲಿ ನನ್ನ ಪಕ್ಕ ಮೊಬೈಲ್ ಎತ್ತಿ ಹಿಡಿದು ನಿಂತಿದ್ದವನು ಮೂರನೇ ಸಲ ಕೇಳಿದ. ಪಾಪ, ಕೈ ಸೋತಿತ್ತು. ಎದುರಿಗೆ ಇಬ್ಬರು ಹುಡುಗರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫರ್ರಿ ಎಂಬ ತಟ್ಟೆಯಗಲದ ಗುರಾಣಿ ಹಿಡಿದು ಒಬ್ಬರನ್ನೊಬ್ಬರು ಸುತ್ತುತ್ತಿದ್ದರು. ಹಿಂದೆ ಬಿಳಿಗಡ್ಡದ ಉಸ್ತಾದರು. ಒಬ್ಬ ಹುಡುಗನ ಎಡ ಹೆಜ್ಜೆ ತಪ್ಪಿದಾಗಲೆಲ್ಲ ಅವನ ಕಣಕಾಲಿಗೆ ತಮ್ಮ ಕೋಲಿನ ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಹೆಜ್ಜೆ ಸರಿಹೋಗುತ್ತಿತ್ತು, ಎರಡು ಸುತ್ತಿನ ನಂತರ ಮತ್ತೆ ತಪ್ಪುತ್ತಿತ್ತು. ಮತ್ತೆ ತಟ್ಟು. ಸಿಖ್ಖರ ಯುದ್ಧಕಲೆ ಗತ್ಕಾದಲ್ಲಿ ಈ ಹೆಜ್ಜೆಗೆ ಪೈಂತರಾ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಕಾಲಿನ ವರಸೆ. ಇದು ಬಂದರೆ ಉಳಿದದ್ದೆಲ್ಲ ಬಂದಂತೆ. ಆದರೆ ಕಣಕಾಲಿಗೆ ಲೈಕ್ ಬೀಳುವುದಿಲ್ಲವಲ್ಲ! ನನ್ನ ಪಕ್ಕದವನು ಮೊಬೈಲ್ ಕೆಳಗಿಳಿಸಿ ಬ್ಯಾಟರಿ ಉಳಿಸಿದ.

ಟ್ಯೂಬ್‌ಲೈಟ್ ಕೊನೆಗೂ ಬಂತು. ಎದೆಯ ಮೇಲೆ ಒಡೆಯಿತು. ಚಪ್ಪಾಳೆ. ಈಚೆಗೆ ಗತ್ಕಾ ಪ್ರದರ್ಶನವೆಂದರೆ ಹೊಟ್ಟೆಯ ಮೇಲೆ ಮೋಟಾರ್ ಸೈಕಲ್ ಹತ್ತಬೇಕು, ಮಲಗಿದವನ ಸುತ್ತ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು ಸುತ್ತಿಗೆಯಿಂದ ತೆಂಗಿನಕಾಯಿ ಒಡೆಯಬೇಕು. ಅಮೆರಿಕದ ಟಿ.ವಿ. ಸ್ಪರ್ಧೆಯವರೆಗೂ ಈ ಕಾಯಿ ಹೋಗಿ ಬಂದಿದೆ. ಮೊಘಲ್ ಸೈನ್ಯದ ಬಳಿ ಟ್ಯೂಬ್‌ಲೈಟ್ ಇರಲಿಲ್ಲ ಎನ್ನುವುದು ಇತಿಹಾಸಕಾರರ ಸಂಕುಚಿತ ದೃಷ್ಟಿ. ತೆಂಗಿನಕಾಯಂತೂ ಪಂಜಾಬಿಗೆ ದಕ್ಷಿಣದಿಂದಲೇ ಹೋಗಬೇಕು. ಈ ಯುದ್ಧಕಲೆಗೆ ನಮ್ಮ ತಿಪಟೂರಿನ ಕೊಡುಗೆಯೂ ಇದ್ದರೆ ಇರಬಹುದು.

ಹಾಗೆ ನೋಡಿದರೆ ನಮ್ಮ ನಿಜವಾದ ಕೊಡುಗೆ ಬೇರೆಯೇ ಇದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ಕತ್ತಿ ಹಿರಿದು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು, ಭಾಯಿ ಸಾಹಿಬ್ ಸಿಂಗ್, ಇದೇ ಬೀದರಿನ ಕ್ಷೌರಿಕ ಎನ್ನುತ್ತದೆ ಸಿಖ್ಖರ ಪರಂಪರೆ. ಅಂದು ಪ್ರವೇಶ ಶುಲ್ಕ ತಲೆ. ಈಗ ಕಾಲ ಸುಧಾರಿಸಿದೆ. ಗತ್ಕಾ ಶಿಬಿರ ಸೇರಲು ಆಧಾರ್ ಕಾರ್ಡಿನ ಝೆರಾಕ್ಸ್ ಮತ್ತು ಪಾಸ್‌ಪೋರ್ಟ್ ಸೈಜಿನ ಎರಡು ಫೋಟೊ ಸಾಕು. ಫೋಟೊದಲ್ಲಿ ತಲೆ ಸ್ಪಷ್ಟವಾಗಿ ಕಾಣಬೇಕು, ಅಷ್ಟೇ.

1705ರಲ್ಲಿ ಮುಕ್ತಸರದ ಕದನಕ್ಕೆ ನಲವತ್ತು ಜನರನ್ನು ಕರೆದೊಯ್ದ ಮಾಯಿ ಭಾಗೋ ಕೊನೆಗಾಲ ಕಳೆದದ್ದೂ ಬೀದರಿನ ಪಕ್ಕದ ಜನವಾಡದಲ್ಲಿ ಎಂದು ನಂಬಿಕೆ. ಅವರ ಹೆಸರಿನ ಗುರುದ್ವಾರ ಅಲ್ಲಿದೆ. ಹೀಗಿದ್ದೂ 'ಇದೇ ಮೊದಲ ಬಾರಿಗೆ ಹೆಣ್ಣುಮಕ್ಕಳಿಗೂ ಕತ್ತಿವರಸೆ' ಎಂದು ಬ್ಯಾನರ್ ಕಟ್ಟುವವರಿಗೆ ಕೊರತೆಯಿಲ್ಲ. ಮುನ್ನೂರು ವರ್ಷ ಹಳೆಯ ಕ್ರಾಂತಿಗೆ ಪ್ರತಿವರ್ಷ ಹೊಸ ರಿಬ್ಬನ್.

ಈ ವಿದ್ಯೆ ಕುಂದಿದ್ದು ಹೇಗೆ ಎಂದು ಕೇಳಿದರೆ ಎಲ್ಲರೂ ಇಂಗ್ಲಿಷರತ್ತ ಬೆರಳು ತೋರಿಸುತ್ತಾರೆ. ಸುಳ್ಳಲ್ಲ. 1849ರಲ್ಲಿ ಪಂಜಾಬನ್ನು ನುಂಗಿದ ಕಂಪನಿ ಮೊದಲು ಮಾಡಿದ ಕೆಲಸ ಊರೂರು ತಿರುಗಿ ಆಯುಧ ಕಸಿದದ್ದು. ಸ್ವಲ್ಪ ವರ್ಷ ಕಳೆದ ಮೇಲೆ ಅದೇ ಜನರ ಬೆನ್ನು ತಟ್ಟಿ, "ನೀವು ಹುಟ್ಟಾ ಯೋಧರು" ಎಂದು ಸೈನ್ಯಕ್ಕೆ ಸೇರಿಸಿಕೊಂಡು ಡ್ರಿಲ್ ಕಲಿಸಿತು. ಕತ್ತಿ ಕಸಿದವನೇ ಕೋಲು ಕೊಟ್ಟ; ಕೋಲು ಹಿಡಿದವರು ಕಾಲಾಂತರದಲ್ಲಿ ಅದೇ ಪರಂಪರೆ ಎಂದರು. ಆದರೆ ಆ ಯಜಮಾನ ಹೋಗಿ ಮುಕ್ಕಾಲು ಶತಮಾನದ ಮೇಲಾಯಿತು. ಈಗಿನದು ಸ್ವದೇಶಿ ಕಾಮಗಾರಿ.

ಕೇಂದ್ರ ಸರ್ಕಾರ ಗತ್ಕಾವನ್ನು ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಿತು. ಕೂಟದ ಹೆಸರು 2021, ನಡೆದದ್ದು 2022ರ ಜೂನ್‌ನಲ್ಲಿ. ಪೈಂತರಾ ಒಂದು ವರ್ಷ ತಡವಾಗಿ ಬಿತ್ತು, ಇರಲಿ. ಕೋಲು ತಾಗಿದರೆ ಅಂಕ. ಎದುರಾಳಿಯನ್ನು ಮುಗಿಸಲೆಂದೇ ಹುಟ್ಟಿದ ವಿದ್ಯೆ ಈಗ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಪಂದ್ಯ ಮುಗಿಸಿ ಸರ್ಟಿಫಿಕೇಟು ಪಡೆಯುತ್ತದೆ. ನಾನು ಇದನ್ನು ಪೂರ್ತಿ ಆಡಿಕೊಳ್ಳಲಾರೆ; ಸರ್ಟಿಫಿಕೇಟಿನ ಆಸೆಗಾದರೂ ನಾಲ್ಕು ಮಕ್ಕಳು ಕೋಲು ಹಿಡಿಯುತ್ತಾರೆ. ಆದರೆ ಆ ಸರ್ಟಿಫಿಕೇಟಿಗೆ ಸಹಿ ಹಾಕುವವರು ಯಾರು? ಗತ್ಕಾಗೆ ಒಕ್ಕೂಟ ಒಂದಲ್ಲ. ರಾಷ್ಟ್ರೀಯ ಎಂದು ಒಂದು, ಅಖಿಲ ಭಾರತ ಎಂದು ಇನ್ನೊಂದು, ಸಾಲದ್ದಕ್ಕೆ ವಿಶ್ವಮಟ್ಟದ್ದು ಬೇರೆ. ಆರನೇ ಗುರು ಹರಗೋಬಿಂದರು ಲೌಕಿಕಕ್ಕೊಂದು ಅಧ್ಯಾತ್ಮಕ್ಕೊಂದು ಎಂದು ಎರಡು ಕತ್ತಿ ಕಟ್ಟಿದರು, ಮೀರಿ ಮತ್ತು ಪೀರಿ. ಈಗಿನ ಪದಾಧಿಕಾರಿಗಳು ಕಟ್ಟುವುದೂ ಎರಡೇ: ಲೆಟರ್‌ಹೆಡ್ ಮತ್ತು ರಬ್ಬರ್ ಸ್ಟಾಂಪು. ಅಪ್ಪಟ ಕಾಲಿನ ವರಸೆ ನೋಡುವ ಆಸೆಯಿದ್ದವರು ಅಖಾಡಾ ಬಿಟ್ಟು ಅವರ ಚುನಾವಣೆಗೆ ಹೋಗಬೇಕು.

ಇವರೆಲ್ಲರ ಮೇಲೆ ಶುದ್ಧವಾದಿಗಳಿದ್ದಾರೆ. ಅವರ ಪ್ರಕಾರ ಗತ್ಕಾ ಬರೀ ಕೋಲಾಟ, ಅಸಲಿ ಮಾಲು ಶಸ್ತರ್ ವಿದ್ಯಾ. ಅದನ್ನು ಬಲ್ಲ ಕೊನೆಯ ಗುರು ತಾವೇ. ಎದುರಿನವನೂ ಕೊನೆಯ ಗುರುವೇ ಆಗಿಬಿಟ್ಟರೆ ಮಾತ್ರ ಕಷ್ಟ, ಕೊನೆಯ ಕುರ್ಚಿಗೆ ನೂಕುನುಗ್ಗಲು.

ಇಷ್ಟೆಲ್ಲ ಬಿರುದುಗಳ ನಡುವೆ ನನಗೆ ನೆನಪಾಗುವುದು ನಿಹಂಗರ ಮಾತು. ನೀಲಿ ಉಡುಪು, ಎತ್ತರದ ಪೇಟದ ಮೇಲೆ ಉಕ್ಕಿನ ಚಕ್ರ ತೊಟ್ಟ ಈ ಯೋಧರು ಹದಿನೆಂಟನೇ ಶತಮಾನದಲ್ಲಿ ಕಾಡುಮೇಡು ಅಲೆಯುವಾಗ ಹೊಟ್ಟೆಗೆ ಗತಿಯಿರಲಿಲ್ಲ. ಆದರೆ ನಾಲಗೆಗೆ ಬಡತನವೇ? ಹುರಿಗಡಲೆಗೆ ಬಾದಾಮಿ ಎಂದರು. ಈರುಳ್ಳಿಗೆ ಬೆಳ್ಳಿ ಎಂದರು. ಕಿವುಡನನ್ನು 'ಮಹಡಿ ಹತ್ತಿದವನು' ಎಂದರು. ಒಬ್ಬನೇ ಬಂದರೂ ಸವಾ ಲಕ್ಷ, ಅಂದರೆ ಒಂದೂಕಾಲು ಲಕ್ಷ, ಫೌಜು ಬಂತು ಎಂದು ಸಾರಿದರು. ಗಡಗಜ್ಜ ಬೋಲೆ ಎಂದು ಇದಕ್ಕೆ ಹೆಸರು. ಕೈಯಲ್ಲಿರುವುದು ಕಡಲೆ ಎಂದು ಆಡುವವನಿಗೂ ಗೊತ್ತಿತ್ತು, ಕೇಳುವವನಿಗೂ ಗೊತ್ತಿತ್ತು. ಇಬ್ಬರೂ ನಕ್ಕು ಮುಂದಿನ ಊರಿಗೆ ಕುದುರೆ ಏರುತ್ತಿದ್ದರು. ಈಗಲೂ ಅದೇ ಲೆಕ್ಕ ನಡೆದಿದೆ, ನಗು ಮಾತ್ರ ಬಿಟ್ಟುಹೋಗಿದೆ. ಶಿಬಿರಕ್ಕೆ ಇಬ್ಬರು ಬಂದರೆ ವರದಿಯಲ್ಲಿ ಎರಡೂವರೆ ಲಕ್ಷ. ಉಸ್ತಾದರಿಗೆ ತಿಂಗಳಿಗೆ ಇಷ್ಟು ಎಂದು ಗೌರವಧನ ಕೇಳಿದರೆ ಮಾತ್ರ ಎಲ್ಲರೂ ಒಟ್ಟಿಗೆ ಮಹಡಿ ಹತ್ತಿರುತ್ತಾರೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತೇವಲ್ಲ, ಇಲ್ಲಿ ಹಲ್ಲಿನ ಸೆಟ್ಟಿಗೇ ಉದ್ಘಾಟನೆ ನಡೆಯುತ್ತಿದೆ.

ಮೆರವಣಿಗೆ ಮುಂದೆ ಸಾಗಿತು. ಹುಡುಗರು ಗಾಜಿನ ಚೂರು ಗುಡಿಸಿದರು. ಉಸ್ತಾದರು ಆ ಎಡಗಾಲಿನ ಹುಡುಗನನ್ನು ಪಕ್ಕಕ್ಕೆ ಕರೆದು, ಖಾಲಿ ರಸ್ತೆಯ ಮೇಲೆ ಕೋಲಿಲ್ಲದೆ ಬರೀ ಹೆಜ್ಜೆ ಹಾಕಿಸಿದರು. ನಾಲ್ಕು ಸಲ. ಆಮೇಲೆ ಜೇಬಿಗೆ ಕೈಹಾಕಿ ಅವನಿಗೊಂದು ಹಿಡಿ ಕೊಟ್ಟು, ನೋಡುತ್ತ ನಿಂತಿದ್ದ ನಮ್ಮ ಕಡೆಗೂ ಮುಷ್ಟಿ ಚಾಚಿದರು.

"ಬಾದಾಮ್ ಲೀಜಿಯೇ, ಜೀ."

ಪಕ್ಕದವನು ಅಂಗೈ ಬಿಡಿಸಿ ನೋಡಿದ. ಮುಖ ಗಂಟಿಕ್ಕಿತು. ಉಸ್ತಾದರು ಅತ್ತ ತಿರುಗುವುದನ್ನೇ ಕಾದು ನನ್ನ ಕಿವಿಯಲ್ಲಿ ಹೇಳಿದ: "ಏನ್ರೀ ಇದು, ಬಾದಾಮಿ ಅಂತ ಹೇಳಿ ಪುಠಾಣಿ ಕೊಟ್ಟಾರ. ಮಂದಿಗಿ ಹಿಂಗ ಮೋಸ ಮಾಡಬಾರದ್ರೀ."

ಹೇಳುತ್ತಲೇ ಬಾಯಿಗೆ ಹಾಕಿಕೊಂಡು, ಟ್ಯೂಬ್‌ಲೈಟಿನ ವಿಡಿಯೊ ಸ್ಟೇಟಸ್ಸಿಗೆ ಏರಿಸಿದ.